ನಿಲ್ಲುವ ರೂಪಾಯಿ

ನನ್ನ ಮದುವೆಯನ್ನು ನಿಶ್ಚಯಿಸಿದ್ದು ಜಾತಕವಲ್ಲ, ನನ್ನ ಮುಖವೂ ಅಲ್ಲ, ಒಂದು ರೂಪಾಯಿಯ ನಾಣ್ಯ! ಹೀಗೆಂದರೆ ನಮ್ಮ ಯಜಮಾನರು ಮುಖ ಸಿಂಡರಿಸುತ್ತಾರೆ. ಆದರೆ ಕಣ್ಣಾರೆ ಕಂಡವಳು ನಾನು.

ಹೆಣ್ಣು ನೋಡಲು ಜಮಖಂಡಿಯಿಂದ ಬಂದವರೆಲ್ಲ ರಬಕವಿಯ ನಮ್ಮ ಪಡಸಾಲೆಯಲ್ಲಿ ಕುಳಿತು ಅವಲಕ್ಕಿ ತಿನ್ನುತ್ತಿದ್ದರು. ವರನ ತಂದೆ ಮಾತ್ರ ನಾಪತ್ತೆ. ಹುಡುಕಿದರೆ ಪಕ್ಕದ ಮನೆಯ ಪವರ್‌ಲೂಮಿನ ಬುಡದಲ್ಲಿ ಮೊಣಕಾಲೂರಿದ್ದರು. ಓಡುವ ಮಗ್ಗದ ಮೇಲೆ ನಾಣ್ಯ ನಿಲ್ಲಿಸಲು ಹೋಗಿ ಅದು ಹಾರಿ ಕೆಳಗೆ ಬಿದ್ದಿತ್ತಂತೆ. ತಲೆಯ ತುಂಬ ಹತ್ತಿಯ ಎಳೆ ಅಂಟಿಸಿಕೊಂಡೇ ಬಂದು, ಚಹಾದ ತಟ್ಟೆ ಹಿಡಿದ ನನ್ನನ್ನು ದಾಟಿ, ಮೂಲೆಯಲ್ಲಿದ್ದ ನಮ್ಮ ಹಿಟ್ಟಿನ ಗಿರಣಿಯ ಕಡೆ ನಡೆದರು. ಅದನ್ನು ಚಾಲೂ ಮಾಡಿಸಿ, ಮೇಲೆ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿದರು. ನಿಂತಿತು. "ನಟ್ಟು-ಬೋಲ್ಟು ಬಿಗಿ ಇಟ್ಟ ಮನಿ ಐತಿ. ಹುಡುಗಿ ಛಲೋನ ಇರ್ತಾಳ" ಎಂದರು. ಅಷ್ಟೇ ನನ್ನ ಸಂದರ್ಶನ! ಮುಂದೆ ತವರಿನವರು ಹೊಸ ಗಿರಣಿ ತಂದಾಗ ಈ ಹಳೆಯದನ್ನು ಮಾವನವರೇ ಕೇಳಿ ತಂದು ನನ್ನ ಅಡುಗೆಮನೆಯಲ್ಲಿ ಇಟ್ಟರು. ಸೊಸೆಗಿಂತ ಅದರ ಮೇಲೆಯೇ ಪ್ರೀತಿ ಹೆಚ್ಚು ಎಂದು ನಾನು ಆಗಾಗ ಮುನಿಸು ತೋರಿಸಿದ್ದುಂಟು.

ಮಾವನವರು ಮುಧೋಳ ರಸ್ತೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಅವರ ಶಾಸ್ತ್ರ ಸರಳ. ಓಡುವ ಯಂತ್ರದ ಮೇಲೆ ನಾಣ್ಯ ನಿಂತರೆ ಯಂತ್ರ ಆರೋಗ್ಯವಾಗಿದೆ, ಬಿದ್ದರೆ ಒಳಗೆ ಬೇರಿಂಗು ಸವೆಯುತ್ತಿದೆ. ಅದಕ್ಕೆಂದೇ ಹಳೆಯ ಕಾಲದ ದಪ್ಪ ರೂಪಾಯಿಯೊಂದನ್ನು ಬಿಳಿ ಬಟ್ಟೆಯ ಚೂರಿನಲ್ಲಿ ಸುತ್ತಿ ಅಂಗಿಯ ಒಳಜೇಬಿನಲ್ಲಿ ಇಟ್ಟಿರುತ್ತಾರೆ. ನಮ್ಮ ಫ್ರಿಜ್ಜು, ನೀರಿನ ಮೋಟರು, ಬೀಗರ ಮನೆಯ ವಾಷಿಂಗ್ ಮಷಿನ್ ಯಾವುದೂ ಈ ಪರೀಕ್ಷೆ ತಪ್ಪಿಸಿಕೊಂಡಿಲ್ಲ. ನಾಣ್ಯದಿಂದ ಬೆರಳು ತೆಗೆಯುವಾಗ ಅವರು ಉಸಿರು ಹಿಡಿಯುತ್ತಾರೆ. ನೋಡುತ್ತ ನಿಂತ ನಾನೂ ಹಿಡಿಯುತ್ತೇನೆ, ನನಗೆ ಗೊತ್ತಿಲ್ಲದೆಯೇ.

ಒಮ್ಮೆ ಸಾವಳಗಿಗೆ ತೊಟ್ಟಿಲ ಕಾರ್ಯಕ್ಕೆ ಬಸ್ಸಿನಲ್ಲಿ ಹೊರಟಿದ್ದೆವು. ಮಾವನವರು ಚಪ್ಪಲಿ ಬಿಟ್ಟು ಬರಿಗಾಲನ್ನು ಬಸ್ಸಿನ ನೆಲಕ್ಕೆ ಒತ್ತಿಕೊಂಡು ಕುಳಿತವರು, ಎದ್ದು ಹೋಗಿ ಹಿಂದಿನ ಗಾಲಿಯ ಬೇರಿಂಗು ಹೋಗಿದೆಯೆಂದು ಡ್ರೈವರನಿಗೆ ಹೇಳಿದರು. ಅವನು ತಿರುಗಿಯೂ ನೋಡಲಿಲ್ಲ. "ಬಸ್ಸೂ ಹಳೇದು, ನೀವೂ ಹಳಬರು. ಇಬ್ರೂ ಸಪ್ಪಳ ಮಾಡದ ಸಾವಳಗಿ ಮುಟ್ರಿ" ಎಂದ. ಬಸ್ಸೆಲ್ಲ ನಕ್ಕಿತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಸಂಜೆ ಟೆಂಪೋದಲ್ಲಿ ಮರಳುವಾಗ ನೋಡಿದರೆ ಅದೇ ಬಸ್ಸು ಕಬ್ಬಿನ ಹೊಲದ ಪಕ್ಕ ಗಾಲಿ ಬಿಚ್ಚಿಕೊಂಡು ನಿಂತಿದೆ! ಮಾವನವರು ಟೆಂಪೋ ನಿಲ್ಲಿಸಿ ಇಳಿದರು. ಈಗ ಡ್ರೈವರನಿಗೆ ನಾಲ್ಕು ಮಾತು ಅಂದೇ ಅನ್ನುತ್ತಾರೆ ಎಂದು ನಾವೆಲ್ಲ ಕುತ್ತಿಗೆ ಚಾಚಿದೆವು. ಅವರು ಅಂಗಿಯ ತೋಳು ಮಡಚಿ, ಜಾಕಿನ ಕೆಳಗೆ ಕಲ್ಲು ಸರಿಯಾಗಿ ಕೂಡಿಸಿಕೊಟ್ಟು ಬಂದರು.

ನಿವೃತ್ತರಾದ ಮೇಲೂ ಕಬ್ಬು ನುರಿಸುವ ಹಂಗಾಮಿಗೆ ಕಾರ್ಖಾನೆ ಅವರನ್ನು ಕರೆಯುತ್ತಿತ್ತು. ದಸರೆ ಕಳೆದ ವಾರದೊಳಗೆ ಫೋನು ಬರುತ್ತಿತ್ತು. ಅಂದು ನಾನು ಖಾಕಿ ಅಂಗಿಗೆ ಇಸ್ತ್ರಿ ಹಾಕಬೇಕು, ಅವರು ಬೂಟಿಗೆ ಎಣ್ಣೆ ಹಚ್ಚಬೇಕು. ನಮ್ಮ ಮನೆಯ ನಿಜವಾದ ಹಬ್ಬ ಅದು.

ಈ ಸಲ ಫೋನು ದಸರೆಗೆ ಮೊದಲೇ ಬಂತು, ಬೇರೆಯದೇ ಕೆಲಸಕ್ಕೆ. ಪುಣೆಯಿಂದ ಇಂಜಿನಿಯರ್ ಹುಡುಗಿಯೊಬ್ಬಳು ಬಂದಿದ್ದಳು. ಅವಳ ಪೆಟ್ಟಿಗೆಯಲ್ಲಿ ಕುಂಕುಮದ ಭರಣಿಯಷ್ಟೇ ದೊಡ್ಡ ಬಿಳಿ ಡಬ್ಬಿಗಳು, ಬುಡದಲ್ಲಿ ಅಯಸ್ಕಾಂತ. ಯಂತ್ರಕ್ಕೆ ಅಂಟಿಸಿದರೆ ಅದರ ನಡುಕವನ್ನು ಅಳೆದು, ತಂತಿಯಿಲ್ಲದೆ ಅವಳ ಫೋನಿಗೆ ಕಳಿಸುತ್ತವೆ. ಪುಣೆಯಲ್ಲಿ ಕುಳಿತು ನಮ್ಮ ಮುಧೋಳ ರಸ್ತೆಯ ಪಂಪಿನ ಮೈ ಮುಟ್ಟಿ ನೋಡಿದಂತೆ! ಯಾವ ಯಂತ್ರದ ಯಾವ ಜಾಗಕ್ಕೆ ಅಂಟಿಸಬೇಕೆಂದು ತೋರಿಸಲು ಮಾವನವರು ಬೇಕಾಗಿದ್ದರು.

"ಅಪ್ಪಾ, ನಿಮ್ಮ ಕುರ್ಚ್ಯಾಗ ನೀವ ಇನ್ನೊಬ್ಬರನ್ನ ಕೂಡ್ರಸಾಕ ಹೊಂಟೀರಿ" ಎಂದರು ನಮ್ಮ ಯಜಮಾನರು.

"ಕೂಡ್ರಸೂದ ಆದ್ರ ಸರಿಯಾಗಿ ಕೂಡ್ರಸೂಣು" ಎಂದರು ಮಾವನವರು, ಬೂಟಿನ ಲೇಸು ಬಿಗಿಯುತ್ತ.

ಹಾಗೆಯೇ ಮಾಡಿದರು. ಬಣ್ಣದ ಪದರದ ಮೇಲೆ ಡಬ್ಬಿ ಸರಿಯಾಗಿ ಕೂಡುವುದಿಲ್ಲವೆಂದು ಒಂದೊಂದು ಜಾಗವನ್ನೂ ಕೈಯಾರೆ ಕೆರೆದು ಹೊಳಪು ಮಾಡಿದರು. ನೋಡಲು ಡಬ್ಬಿಗಳೆಲ್ಲ ಒಂದೇ ತರ, ಯಾವುದು ಯಾವ ಯಂತ್ರದ್ದೆಂದು ಹುಡುಗಿ ತನ್ನ ಫೋನಿನಲ್ಲಿ ಗುರುತು ಹಾಕಿಕೊಂಡಳು. ಮಧ್ಯಾಹ್ನ ಹುಡುಗಿಯನ್ನು ಮನೆಗೆ ಊಟಕ್ಕೆ ಕರೆತಂದರು. ಅವಳು ರೊಟ್ಟಿ ಮುರಿಯುತ್ತಿದ್ದರೆ ಇವರು ನಾಣ್ಯ ತೆಗೆದು ಗಿರಣಿಯ ಮೇಲೆ ನಿಲ್ಲಿಸಿ ತೋರಿಸಿದರು. ಆಕೆ ತನ್ನ ಡಬ್ಬಿಯೊಂದನ್ನು ಪಕ್ಕಕ್ಕೆ ಅಂಟಿಸಿ ಫೋನು ನೋಡಿ, ಗಿರಣಿಗೆ ಪೂರ್ತಿ ಅಂಕ ಕೊಟ್ಟಳು. ಮೊದಲ ಮೊಮ್ಮಗು ಪಾಸಾದ ದಿನವೂ ಮಾವನವರ ಮುಖ ಅಷ್ಟು ಅರಳಿರಲಿಲ್ಲ.

ಹುಡುಗಿ ಪುಣೆಗೆ ಮರಳಿದ ಮೇಲೆ ಖಂಡೇಪೂಜೆ ಬಂತು. ಯಂತ್ರಗಳನ್ನೆಲ್ಲ ತೊಳೆದು, ಒರೆಸಿ ಪೂಜಿಸುವ ದಿನ. ಮನೆಯ ಹೆಣ್ಣುಮಕ್ಕಳೂ ಕಾರ್ಖಾನೆಗೆ ಹೋಗುತ್ತೇವೆ. ಈ ಡಬ್ಬಿಗಳೂ ಆಯುಧಗಳೇ, ಅವಕ್ಕೂ ಪೂಜೆಯಾಗಬೇಕೆಂದು ಮಾವನವರ ಹಟ. ಇಪ್ಪತ್ತನ್ನೂ ಕಿತ್ತು ತಂದು, ಮೊದಲ ಗಾಣದಿಂದ ಕೊನೆಯ ಪಂಪಿನವರೆಗೆ ಯಂತ್ರಗಳಿದ್ದ ಕ್ರಮದಲ್ಲೇ ಹಿತ್ತಾಳೆಯ ತಾಟಿನಲ್ಲಿ ಸಾಲಾಗಿ ಇಟ್ಟು, ಕುಂಕುಮ ಹೂವು ಏರಿಸಲು ನನಗೆ ಹೇಳಿ ತೆಂಗಿನಕಾಯಿ ತರಲು ಹೋದರು.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು. ಅಲ್ಲಿ ಸಿಸ್ಟರ್ ನಮಗೆ ಕಸೂತಿ ಕಲಿಸುವಾಗ ಎಡಕ್ಕೆ ಒಂದು ಹೂವಿದ್ದರೆ ಬಲಕ್ಕೂ ಒಂದಿರಬೇಕು ಎನ್ನುತ್ತಿದ್ದರು. ಆ ಡಬ್ಬಿಗಳ ಸಾಲು ನನ್ನ ಕಣ್ಣಿಗೆ ಗೂಡ್ಸ್ ಗಾಡಿಯಂತೆ ಕಂಡಿತು. ಎಲ್ಲ ಎತ್ತಿ, ನಡುವೆ ಚೆಂಡುಹೂವಿಟ್ಟು, ಸುತ್ತ ಕಮಲದ ದಳಗಳಂತೆ ಜೋಡಿಸಿದೆ. ಹೆಂಗಸರೆಲ್ಲ ಹೊಗಳಿದರು. ಫೋಟೋ ಕೂಡ ತೆಗೆದರು! ಸಾಲನ್ನು ನಾನು ಬರೀ ಬಾಗಿಸಿದ್ದೇನೆ, ಕ್ರಮ ಹಾಗೆಯೇ ಇದೆ ಎಂದುಕೊಂಡ ಮಾವನವರು ಒಂದು ಕಡೆಯಿಂದ ತೆಗೆದು ಮತ್ತೆ ಯಂತ್ರಗಳಿಗೆ ಅಂಟಿಸಿದರು.

ಹಂಗಾಮಿಗೆ ಮುಂಚೆ ಯಂತ್ರಗಳನ್ನು ಓಡಿಸಿ ನೋಡುವ ವಾರ. ಬಾಯ್ಲರಿನ ದೊಡ್ಡ ಫ್ಯಾನು ಕೆಟ್ಟಿದೆ ಎಂದು ಪುಣೆಯಿಂದ ಕೆಂಪು ಸಂದೇಶ ಬಂತು. ಎರಡು ದಿನ ಹಿಡಿದು ಫ್ಯಾನು ಬಿಚ್ಚಿದರು. ಏನೂ ಆಗಿರಲಿಲ್ಲ. ಆಗ ಮಾವನವರನ್ನು ಕರೆಸಿದರು. ಅವರು ನಾಣ್ಯ ಹಿಡಿದು ಒಂದೊಂದೇ ಯಂತ್ರ ನೋಡುತ್ತ ಹೋದರು. ನೀರಿನ ಪಂಪಿನ ಮೇಲೆ ನಾಣ್ಯ ಉರುಳಿತು. ಬಿಚ್ಚಿದರೆ ಬೇರಿಂಗು ಸವೆದಿತ್ತು. ಚೀಫ್ ಇಂಜಿನಿಯರ್ ಸಾಹೇಬರು ಎಲ್ಲರೆದುರು ಮಾವನವರ ಬೆನ್ನು ತಟ್ಟಿ, ಈ ಡಬ್ಬಿಗಳನ್ನೆಲ್ಲ ವಾಪಸು ಕಳಿಸುತ್ತೇನೆ, ಈ ಹಂಗಾಮಿಗೂ ನೀವೇ ಬರಬೇಕು ಎಂದರಂತೆ.

ಸಂಭ್ರಮದ ಸುದ್ದಿ ತಂದವರು ನಮ್ಮ ಯಜಮಾನರು. ನಾನು ಅಂದೇ ಖಾಕಿ ಅಂಗಿ ಹೊರತೆಗೆದೆ. ಮಾವನವರು ಮಾತ್ರ ರೊಟ್ಟಿಯನ್ನು ಮುರಿದು ಮುರಿದು ತಾಟಿನಲ್ಲೇ ಬಿಟ್ಟರು. ಆಮೇಲೆ ನನ್ನ ಕಡೆ ನೋಡಿದರು.

"ಅವತ್ತ ಡಬ್ಬಿ ಭಾಳ ಛಂದ ಜೋಡಿಸಿದ್ದಿ, ಯವ್ವಾ."

ನನ್ನ ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆ ಹಾಗೇ ನಿಂತಿತು. ಫ್ಯಾನಿನ ಡಬ್ಬಿ ಪಂಪಿನ ಮೇಲೆ ಕುಳಿತಿತ್ತು! ಅದು ಸತ್ಯವನ್ನೇ ಹೇಳಿತ್ತು. ಅದನ್ನು ತಪ್ಪು ಜಾಗದಲ್ಲಿ ಕೂರುವಂತೆ ಮಾಡಿದವಳು ನಾನು. ಇದು ಗೊತ್ತಿದ್ದವರು ಭೂಮಿಯ ಮೇಲೆ ನಾವಿಬ್ಬರೇ. ಸುಮ್ಮನಿದ್ದರೆ ಅವರ ಹಬ್ಬ ಉಳಿಯುತ್ತಿತ್ತು. ನಾನು ಸುಮ್ಮನಿದ್ದೆ. ಅವರಿಗಾಗಿ ಎಂದುಕೊಂಡೆ. ಈಗ ಯೋಚಿಸಿದರೆ, ಸಾಹೇಬರ ಮುಂದೆ ನನ್ನ ಹೆಸರು ಬರುವುದೆಂಬ ಹೆದರಿಕೆಯೂ ಅದರಲ್ಲಿ ಸಾಕಷ್ಟಿತ್ತು.

ಮರುದಿನ ಬೆಳಿಗ್ಗೆ ಮಾವನವರು ಇಸ್ತ್ರಿಯಿಲ್ಲದ ಅಂಗಿಯಲ್ಲೇ ಕಾರ್ಖಾನೆಗೆ ಹೋಗಿಬಂದರು. ಅಲ್ಲಿ ಏನು ನಡೆಯಿತೆಂದು ಅವರು ಹೇಳಲಿಲ್ಲ. ಹೇಳಿದವಳು ಪುಣೆಯ ಹುಡುಗಿ, ಫೋನಿನಲ್ಲಿ. ತನ್ನ ಕೆಲಸ ಉಳಿಯಿತು ಎಂದಳು. ಅಜ್ಜ ಸಾಹೇಬರ ಮುಂದೆ ನಿಂತು, ಪೂಜೆಯ ದಿನ ತಾನೇ ಕ್ರಮ ಮರೆತು ಡಬ್ಬಿಗಳನ್ನು ಅದಲುಬದಲು ಅಂಟಿಸಿದ್ದಾಗಿ ಒಪ್ಪಿಕೊಂಡರಂತೆ. "ನನ್ನ ರೂಪಾಯಿ ನಿನ್ನಿ ಬಿತ್ತರಿ, ಆ ಡಬ್ಬಿ ಎರಡ ದಿನಾ ಮೊದಲ ಹೇಳಿತ್ತು" ಎಂದರಂತೆ.

ವಯಸ್ಸಾಯಿತು, ಮರೆವು ಸಹಜ, ಈ ಸಲ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಸಾಹೇಬರು ಮೃದುವಾಗಿಯೇ ಹೇಳಿ ಕಳಿಸಿದರು. ಇಪ್ಪತ್ತು ಡಬ್ಬಿಗಳ ಕ್ರಮ ಮಾತ್ರವಲ್ಲ, ಇಡೀ ಕಾರ್ಖಾನೆಯ ಒಂದೊಂದು ಬೋಲ್ಟನ್ನೂ ನೆನಪಿಟ್ಟುಕೊಂಡ ಮನುಷ್ಯ ಮರೆವಿನ ಹೆಸರು ಹೊತ್ತು ಮನೆಗೆ ಬಂದರು. ನನ್ನ ಕಮಲದ ಸುದ್ದಿ ಇಂದಿಗೂ ಆ ಬಾಯಿಂದ ಹೊರಬಿದ್ದಿಲ್ಲ. ಆದ್ದರಿಂದ ನಾನೇ ಇಲ್ಲಿ ಬರೆಯುತ್ತಿದ್ದೇನೆ.

ಹಂಗಾಮು ಶುರುವಾದ ಬೆಳಿಗ್ಗೆ ಕಬ್ಬಿನ ಟ್ರ್ಯಾಕ್ಟರುಗಳು ನಮ್ಮ ಬಾಗಿಲ ಮುಂದೆಯೇ ಸಾಲುಗಟ್ಟಿ ಹೋದವು. ಮಾವನವರು ಕಟ್ಟೆಯ ಮೇಲೆ ಬರಿಗಾಲನ್ನು ಕಲ್ಲಿಗೆ ಒತ್ತಿ ಕುಳಿತಿದ್ದರು. ನಾನು ಗಿರಣಿಗೆ ಜೋಳ ಹಾಕಿ, ಚಾಲೂ ಮಾಡಿ, ಅವರನ್ನು ಕರೆದೆ.

"ಮಾವಾರೀ, ಇದರ ಸಪ್ಪಳ ಯಾಕೋ ಬ್ಯಾರೆ ಆಗೇತಿ. ನೋಡ ಬರ್ರಿ."

ಬಂದರು. ಬಟ್ಟೆಯ ಗಂಟು ಬಿಚ್ಚಿ ನಾಣ್ಯ ತೆಗೆದರು. ಇಬ್ಬರೂ ಉಸಿರು ಹಿಡಿದೆವು. ನಾಣ್ಯ ನೆಟ್ಟಗೆ ನಿಂತಿತು. ಜೋಳವೆಲ್ಲ ಹಿಟ್ಟಾಗುವವರೆಗೂ ನಿಂತೇ ಇತ್ತು. ಮಾವನವರು ಗಿರಣಿಯನ್ನು ನೋಡಿದರು, ನನ್ನನ್ನು ನೋಡಿದರು.

"ಇದಕ್ಕೇನೂ ಆಗಿಲ್ಲ."

"ನನಗ ಅನುಮಾನ ಬಂತ್ರಿ."

ನಾಣ್ಯವನ್ನು ಬಟ್ಟೆಯಲ್ಲಿ ಸುತ್ತುತ್ತ ಅವರು ಸಣ್ಣಗೆ ನಕ್ಕರು.

"ಆತು. ಈ ಅನುಮಾನ ನಿನಗ ದಿನಾ ಇದ ಹೊತ್ತಿಗೆ ಬರ್ಲಿ."