ಲಿಲ್ಲಿ ಟೀಚರರ ವರ್ಗ

ಎಪ್ಪತ್ತರ ದಶಕದ ಕೊನೆಗೆ ಕಾಪುವಿನ ನಮ್ಮ ಹೈಸ್ಕೂಲಿನಲ್ಲಿ ನನ್ನನ್ನು ವಿಜ್ಞಾನ-ಗಣಿತ ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದರು. ವಿಭಾಗದಲ್ಲಿದ್ದದ್ದು ಇಬ್ಬರೇ. ನಾನು, ಮತ್ತು ಲಿಲ್ಲಿ ಟೀಚರ್. ಆದರೇನು, ಮುಖ್ಯಸ್ಥ ಮುಖ್ಯಸ್ಥನೇ!

ಕಿರಿಯರ ಪಾಠ ಕೇಳಿ ತಿದ್ದುವುದು ಮುಖ್ಯಸ್ಥನ ಪರಮ ಕರ್ತವ್ಯ. ಲಿಲ್ಲಿ ಟೀಚರ್ ನನಗಿಂತ ಚೆನ್ನಾಗಿ ಲೆಕ್ಕ ಕಲಿಸುತ್ತಿದ್ದರು ಎಂಬುದು ಬೇರೆ ವಿಷಯ. ಸೋಮವಾರ ಸೂಚನಾ ಪುಸ್ತಕ ತೆರೆದೆ. ‘ಕ್ಲಾಸು’ ಎಂದರೆ ಹುದ್ದೆಗೆ ಗೌರವ ಸಾಲದೆಂದು ಶುದ್ಧ ಕನ್ನಡದಲ್ಲೇ ಬರೆದೆ: “ಗುರುವಾರ ಲಿಲ್ಲಿ ಟೀಚರರ ವರ್ಗ. ಎಲ್ಲರೂ ಸಹಕರಿಸತಕ್ಕದ್ದು.”

ಮರುದಿನ ಲಿಲ್ಲಿ ಟೀಚರ್ ಸಪ್ಪೆ ಮುಖ ಹೊತ್ತು ಬಂದರು.

“ಸರ್, ಸ್ವಲ್ಪ ಮುಂದೆ ಹಾಕಲಿಕ್ಕೆ ಆಗುವುದಿಲ್ವಾ?”

“ಹೆದರಿಕೆ ಎಂತಕ್ಕೆ? ಎಲ್ಲರಿಗೂ ಒಂದಲ್ಲ ಒಂದು ದಿನ ಆಗುವುದೇ!” ಎಂದು ಧೈರ್ಯ ತುಂಬಿದೆ.

ಲಿಲ್ಲಿ ಟೀಚರ್ ಹೆಡ್ಮಾಸ್ತರನ್ನೇ ಕೇಳೋಣವೆಂದರೆ ಅವರು ಗುರುವಾರದವರೆಗೂ ಉಡುಪಿಯ ಮೀಟಿಂಗಿನಲ್ಲಿದ್ದರು.

ಗುರುವಾರ ನೋಟ್‌ಬುಕ್ ಹಿಡಿದು ಗಂಭೀರವಾಗಿ ಕ್ಲಾಸಿಗೆ ಹೋದೆ. ಮಾಸ್ತರುಗಳೆಲ್ಲ ಸಾಲಾಗಿ ಕೂತಿದ್ದಾರೆ! ಮೇಜಿನ ಮೇಲೆ ಶಂಕರಪುರ ಮಲ್ಲಿಗೆಯ ದಪ್ಪ ಹಾರ! ಮಕ್ಕಳು ಮೂಗು ಒರೆಸಿಕೊಳ್ಳುತ್ತಿದ್ದಾರೆ. ಶೀತ ಇರಬೇಕು ಎಂದುಕೊಂಡೆ. ನನ್ನ ತಪಾಸಣೆಗೆ ಇಷ್ಟೊಂದು ಮರ್ಯಾದೆಯೇ ಎಂದು ಹಿಗ್ಗಿ ಕುತ್ತಿಗೆಯನ್ನೂ ಬಗ್ಗಿಸಿದೆ.

ಲಿಲ್ಲಿ ಟೀಚರ್ ನನ್ನ ಕೈಗೆ ಒಂದು ಕಾಗದವಿತ್ತರು. ರಾಜೀನಾಮೆ!

“ಮನೆಯಲ್ಲಿ ಆರು ತಿಂಗಳ ಮಗು ಉಂಟು ಸರ್. ದಿನಾ ಕಾರ್ಕಳಕ್ಕೆ ಬಸ್ಸಿನಲ್ಲಿ ಹೋಗಿ ಬರಲಿಕ್ಕೆ ನನ್ನಿಂದ ಸಾಧ್ಯವಿಲ್ಲ.”

ಕಾರ್ಕಳದಲ್ಲಿ ನಮ್ಮ ಆಡಳಿತ ಮಂಡಳಿಯ ಇನ್ನೊಂದು ಶಾಲೆಯಿತ್ತು. ವರ್ಗವೆಂದರೆ ತರಗತಿ ಎಂದು ನಾನು ಬರೆದಿದ್ದೆ. ವರ್ಗವೆಂದರೆ ಟ್ರಾನ್ಸ್‌ಫರ್ ಎಂದು ಇಡೀ ಶಾಲೆ ಓದಿತ್ತು! ಒಂದು ಪದಕ್ಕಾಗಿ ಆ ಬಾಣಂತಿಯ ಕೆಲಸ ಹೋಗುವುದರಲ್ಲಿತ್ತಲ್ಲ! ನಾಚಿಕೆಯಿಂದ ಬೆವರುತ್ತ ಎಲ್ಲವನ್ನೂ ಒಪ್ಪಿಕೊಂಡೆ.

ಆಗಷ್ಟೇ ಉಡುಪಿಯಿಂದ ಬಂದಿದ್ದ ಹೆಡ್ಮಾಸ್ತರು ರಾಜೀನಾಮೆಯನ್ನು ಹರಿದು ಬಿಸಾಡಿದರು.

“ಎಂತ ಮಾರಾಯ್ರೆ, ಕ್ಲಾಸು ಅಂತ ಬರೆದರೆ ಕೈ ನೋಯ್ತದಾ? ಇವತ್ತಿನಿಂದ ಲಿಲ್ಲಿ ಟೀಚರೇ ಮುಖ್ಯಸ್ಥೆ. ಹಾರ ಹೇಗೂ ಉಂಟಲ್ಲ, ಇವರನ್ನೇ ಬೀಳ್ಕೊಡುವ!”

ಹಾರ ನನ್ನ ಕೊರಳಿಗೆ ಬಿತ್ತು. ಮಕ್ಕಳ ಶೀತ ತಕ್ಷಣ ವಾಸಿಯಾಯಿತು. ಚಪ್ಪಾಳೆಯೋ ಚಪ್ಪಾಳೆ!

ಮನೆಗೆ ಬಂದಾಗ ಹೆಂಡತಿ ಹಾರ ನೋಡಿ ಅರಳಿದಳು. “ಎಂತ, ಸನ್ಮಾನವಾ?”

“ಹೂಂ,” ಎಂದೆ.

ಪಾಪ, ನಂಬಿ ಪಕ್ಕದ ಮನೆಗೂ ಹೇಳಲು ಓಡಿದಳು. ಆ ಮನೆಯ ಹುಡುಗಿ ಲಿಲ್ಲಿ ಟೀಚರರ ಕ್ಲಾಸಿನಲ್ಲೇ ಓದುತ್ತಿದ್ದಾಳೆಂದು ನನಗೆ ನೆನಪಾಗುವಷ್ಟರಲ್ಲಿ, ಬೇಲಿಯಾಚೆಯಿಂದ ನಗು ಕೇಳತೊಡಗಿತ್ತು!