ಯಶವಂತಪುರದಲ್ಲಿ ಊಟಿ ಮಾಡಲು ಹೋಗಿದ್ದು

ಅಮ್ಮನಿಗೆ ಯಶವಂತಪುರದಲ್ಲೇ ಊಟಿಯ ಕ್ರಿಸ್‌ಮಸ್ ಮಾಡಿ ತೋರಿಸುತ್ತೇನೆಂದು ಹೆಂಡತಿ ಗ್ರೇಸಿಯ ಮುಂದೆ ಘೋಷಿಸಿದಾಗ, ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನಾನು ಸ್ಟೇಷನ್ನಿನ ಗೂಡ್ಸ್ ಶೆಡ್ಡಿನ ಗುಮಾಸ್ತ. ಎಂಥೆಂಥ ಭಾರವನ್ನೋ ಊರಿಂದೂರಿಗೆ ಸಾಗಿಸಿದವನು!

ಇದು ಐವತ್ತರ ದಶಕದ ಕೊನೆಯ ಮಾತು. ಅಪ್ಪ ಊಟಿಯ ಬಂಗಲೆಯೊಂದರಲ್ಲಿ ಮಾಲಿಯಾಗಿದ್ದರು. ಆ ಮಳೆಗಾಲದಲ್ಲಿ ತೀರಿಕೊಂಡರು. ಅಮ್ಮನನ್ನು ಕರೆತಂದೆ. ಬಂಗಲೆಯವರು ಅವರಿಗೆ ಕೊಟ್ಟಿದ್ದ ಮನೆ ಹೊಸ ಮಾಲಿಯ ಪಾಲಾಯಿತು. ಅದನ್ನು ಅಮ್ಮನಿಗೆ ಹೇಳಲು ನಾಲಿಗೆ ಏಳದೆ, “ಮನೆಗೆ ಬೀಗ ಹಾಕಿದೀನಮ್ಮ, ಹಾಗೇ ಇದೆ” ಎಂದುಬಿಟ್ಟಿದ್ದೆ.

ಅಮ್ಮ ದಿನಾ ಬೆಳಗ್ಗೆ, “ಇಲ್ಲಿ ಸೆಖೆ ಕಣೋ. ಕ್ರಿಸ್‌ಮಸ್ ಮುಗಿಸ್ಕೊಂಡು ಊರಿಗೆ ಹೊರಟ್ಬಿಡ್ತೀನಿ” ಎನ್ನುತ್ತಿದ್ದಳು. ಹಬ್ಬ ಥೇಟ್ ಊಟಿಯ ಹಾಗೇ ನಡೆದರೆ ಆಕೆ ಹೊರಡುವ ಮಾತನ್ನೇ ಮರೆಯುತ್ತಾಳೆ, ನಾನೂ ನಿಜ ಹೇಳಬೇಕಿಲ್ಲ. ಇದು ನನ್ನ ಉಪಾಯ.

ಅಪ್ಪ ಕ್ರಿಸ್‌ಮಸ್ ಮರವೆಂದು ಸೈಪ್ರೆಸ್ ಕೊಂಬೆ ತಂದು ನಿಲ್ಲಿಸುತ್ತಿದ್ದರು. ನಾನು ಹೆಬ್ಬಾಳದ ತೋಪಿನಿಂದ ಸರ್ವೆ ಕೊಂಬೆಯನ್ನು ಸೈಕಲ್ಲಿಗೆ ಕಟ್ಟಿ ತಂದೆ. ಎರಡೇ ದಿನಕ್ಕೆ ಅದು ಒಣಗಿ ಪೊರಕೆಯಾಯಿತು.

ಊಟಿಯಲ್ಲಿ ಕೇಕಿನ ಮೇಲೆ ಬೆಣ್ಣೆ, ಸಕ್ಕರೆ ಬಳಿದು ಕಿಟಕಿಯಲ್ಲಿಟ್ಟರೆ ಥಂಡಿಗೆ ಗಟ್ಟಿಯಾಗುತ್ತಿತ್ತು. ಇಲ್ಲಿಯೂ ಇಟ್ಟೆ.

“ರೀ, ಅಲ್ಲಿ ಬಿಸಿಲು ಬೀಳತ್ತೆ,” ಎಂದಳು ಗ್ರೇಸಿ.

“ಡಿಸೆಂಬರ್ ಎಲ್ಲಾದ್ರೂ ಡಿಸೆಂಬರೇ ಕಣೇ.”

ಚರ್ಚಿನಿಂದ ಬರುವಷ್ಟರಲ್ಲಿ ಬೆಣ್ಣೆ ಗೋಡೆಗೆ ಇಳಿದಿತ್ತು. ನಮಗಿಂತ ಮೊದಲೇ ಇರುವೆಗಳು ಹಬ್ಬ ಮಾಡುತ್ತಿದ್ದವು.

ಮರ್ಯಾದಸ್ಥನಾದವನು ಅಲ್ಲಿಗೇ ನಿಲ್ಲಿಸುತ್ತಿದ್ದ. ನಾನು ನಿಲ್ಲಿಸಲಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಬೆಂಕಿಯ ಸುತ್ತ ಕೂರುವುದು ನಮ್ಮ ಮನೆಯ ಪದ್ಧತಿ. ನಡುಮನೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಹೊತ್ತಿಸಿ, ಚಳಿಯಿದ್ದಂತೆ ಭಾವಿಸಿ ಕಿಟಕಿಗಳನ್ನೆಲ್ಲ ಮುಚ್ಚಿದೆ. ಅಮ್ಮನಿಗೆ ಉಣ್ಣೆಯ ಶಾಲು ಹೊದಿಸಿದೆ. ಪರಿಮಳವಿರಲೆಂದು ಸರ್ವೆ ಕೊಂಬೆಯನ್ನೂ ಮುರಿದು ಹಾಕಿದೆ. ಹಾಕಿದ ಮೇಲೆ ಯಾರಿಗೂ ಯಾರೂ ಕಾಣಲಿಲ್ಲ.

ಪಕ್ಕದ ಮನೆಯ ಮುನಿಯಮ್ಮ ಬಾಗಿಲು ನೂಕಿ ನೀರಿನ ಕೊಡ ಸಮೇತ ನುಗ್ಗಿದಳು. “ಒಗೆ ಬತ್ತಾ ಐತೆ, ಒಳಗೇ ಕುಂತಿದೀರಲ್ಲ, ಏಳ್ರೀ!” ಎಂದವಳೇ ನೀರು ಸುರಿದಳು. ಬೆಂಕಿಯ ಮೇಲೆ, ಕೇಕಿನ ಮೇಲೆ, ಅಮ್ಮನ ಮೇಲೆ.

ಅಂಗಳಕ್ಕೆ ಬಂದು ಕೂತೆವು. ಮುನಿಯಮ್ಮ ತನ್ನ ಸೆರಗಿನಿಂದಲೇ ಅಮ್ಮನ ಮುಖ ಒರೆಸಿದಳು. ಅಮ್ಮ ನಕ್ಕಳು. ನಗುತ್ತಲೇ ಅತ್ತಳು. ಅಪ್ಪ ಹೋದ ಮೇಲೆ ಆಕೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಸಾಕು ಮಾಡೋ,” ಎಂದಳು. “ನಿಮ್ಮಪ್ಪಾನೂ ಇಲ್ಲ, ಆ ಮನೇನೂ ಇಲ್ಲ. ನಾನು ಹೊರಡೋ ದಿನಾನೇ ಹೊಸ ಮಾಲಿ ಹೆಂಡ್ತಿ ಬಂದು ಒಲೆ ನೋಡ್ಕೊಂಡು ಹೋದ್ಲು.”

ನನಗೆ ನೆಲ ಬಿರಿಯಬಾರದೇ ಅನಿಸಿತು. “ಮತ್ತೆ ದಿನಾ ಹೊರಡ್ತೀನಿ ಅಂತಿದ್ಯಲ್ಲಮ್ಮ?”

“ಬೇಡ, ಇಲ್ಲೇ ಇರು ಅಂತ ನೀನು ಒಂದ್ಸಲ ಹೇಳ್ತೀಯೇನೋ ಅಂತ.”

ಕೊಂಬೆ ಕಡಿದೆ, ಗೋಡೆಗೆ ಬೆಣ್ಣೆ ಬಳಿದೆ, ಹೆತ್ತ ತಾಯಿಗೆ ಹೊಗೆ ಹಾಕಿದೆ. ಆ ಒಂದು ಮಾತು ಮಾತ್ರ ಈ ಮಹಾಮೇಧಾವಿಗೆ ಹೊಳೆದಿರಲಿಲ್ಲ. ಈಗಲಾದರೂ ಹೇಳೋಣವೆಂದು ಬಾಯಿ ತೆರೆದೆ. ಅಳು ಬಂದುಬಿಟ್ಟಿತು.

“ಹೊಗೆ,” ಎಂದೆ ಕಣ್ಣೊರೆಸಿಕೊಳ್ಳುತ್ತ.

ಬೆಂಕಿ ಆರಿ ಅರ್ಧ ಗಂಟೆಯಾಗಿತ್ತು.