ಫ್ರೀವೀಲಿನ ಮುಂದೆ ಫಿಸಿಕ್ಸ್ ಮೇಷ್ಟ್ರು

ಸೈಕಲ್ ರಿಪೇರಿಗೆ ಅಂಗಡಿಗೆ ಹೋಗುವುದೆಂದರೆ ಸ್ವಾಭಿಮಾನ ಮಾರಿಕೊಂಡಂತೆ ಎಂದು ಆರಿನ್ ಥೋರ್ಸ್‌ಬಿ ಗುರುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಘೋಷಿಸಿದ. ಅಮೆರಿಕದ ಡುಲೂತ್ ಊರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಫಿಸಿಕ್ಸ್ ಪಾಠ ಮಾಡಿ ನಿವೃತ್ತನಾದವನು ಅವನು. ಸನ್ನೆಕೋಲಿನ ಸೂತ್ರವನ್ನು ನಿದ್ದೆಗಣ್ಣಲ್ಲೂ ಒಪ್ಪಿಸಬಲ್ಲ. ಅಂಥವನಿಗೆ ಒಂದು ಚೈನು ಯಾವ ಲೆಕ್ಕ!

ಸೈಕಲ್ಲಿಗೆ ಅವನ ಸಂಸಾರದಷ್ಟೇ ವಯಸ್ಸು, ಮೂವತ್ತೆಂಟು. ಚೈನು ಸವೆದು ಜೋತುಬಿದ್ದಿತ್ತು. ಭಾನುವಾರ ಹೆಂಡತಿ ಲೋರ್ನಾ ಜತೆ ಸರೋವರದ ದಂಡೆಗುಂಟ ನಲವತ್ತು ಮೈಲಿ ಹೋಗಬೇಕು. ಹೋದ ವರ್ಷ ಅವನ ಮಂಡಿನೋವಿನಿಂದ ತಪ್ಪಿಹೋಗಿದ್ದ ಸವಾರಿ. ಆಕೆ ದಿನ ಎಣಿಸುತ್ತಿದ್ದಳು.

ಹೊಸ ಚೈನು ಅರ್ಧ ಗಂಟೆಯಲ್ಲಿ ಕೂತಿತು. ಆರಿನ್ ದಿಗ್ವಿಜಯಕ್ಕೆ ಹೊರಟವನಂತೆ ಬೀದಿಗಿಳಿದು, ಪೆಡಲ್ ಮೇಲೆ ಎದ್ದುನಿಂತು ತುಳಿದ. ಹಿಂಚಕ್ರದ ಸವೆದ ಹಲ್ಲುಗಳ ಮೇಲೆ ಚೈನು ಕಟಕ್ಕನೆ ಜಾರಿತು. ನ್ಯೂಟನ್ನನ ನಿಯಮಗಳಿಗೆಲ್ಲ ವಿಧೇಯನಾಗಿ ಅವನು ಪಕ್ಕದ ಮನೆಯ ಹೂವಿನ ಪೊದೆಯಲ್ಲಿ ಅಂತರ್ಧಾನನಾದ.

ಸರಿ, ಆ ಹಲ್ಲುಚಕ್ರಗಳ ಗೊಂಚಲನ್ನೂ, ಅಂದರೆ ಫ್ರೀವೀಲನ್ನೂ, ಬದಲಾಯಿಸಬೇಕು. ಹೊಸದನ್ನು ತಂದ, ಹಳೆಯದನ್ನು ಬಿಚ್ಚುವ ಕೀಲಿಯನ್ನೂ ತಂದ. ಆದರೆ ವರ್ಷಗಟ್ಟಲೆ ತುಳಿದು ತುಳಿದು ಬಿಗಿದುಕೊಂಡಿದ್ದ ಅದು ಮಿಸುಕಲಿಲ್ಲ. ಸ್ಪ್ಯಾನರ್ ಹಾಕಿ ಜೋತುಬಿದ್ದ, ಎಣ್ಣೆ ಸುರಿದ. ಬಿಸಿ ತಾಗಿದರೆ ಸಡಿಲವಾದೀತೆಂದು ಅಡುಗೆಮನೆಯ ಸಿಂಕಿನಲ್ಲಿ ಚಕ್ರ ನಿಲ್ಲಿಸಿ ಕುದಿನೀರು ಹೊಯ್ದ. ಫ್ರೀವೀಲ್ ಸಡಿಲವಾಗಲಿಲ್ಲ, ಗ್ರೀಸು ಸಡಿಲವಾಯಿತು. ಬಿಳಿ ಸಿಂಕು, ಕಿಟಕಿಯ ಪರದೆ, ಲೋರ್ನಾ ತೊಳೆದಿಟ್ಟಿದ್ದ ಮೀನು ಎಲ್ಲವೂ ಒಂದೇ ಬಣ್ಣವಾದವು. ಅಂದಿನ ಊಟ ಬ್ರೆಡ್ಡು, ಚೀಸು, ಮೌನ.

ಶನಿವಾರ ಮಧ್ಯಾಹ್ನ ಆರಿನ್ ಗ್ಯಾರೇಜಿನ ನೆಲದ ಮೇಲೆ ಕುಕ್ಕರಿಸಿದ. ನಾಳೆ ನೀನೊಬ್ಬಳೇ ಹೋಗಿ ಬಾ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಅಷ್ಟರಲ್ಲಿ ಲೋರ್ನಾ ಬಂದಳು. ಕೀಲಿಯನ್ನು ಬೆಂಚಿಗೆ ಬಿಗಿದಿದ್ದ ಕಬ್ಬಿಣದ ಹಿಡಿಕೆಯಲ್ಲಿ, ಅಂದರೆ ವೈಸಿನಲ್ಲಿ, ಕಚ್ಚಿಸಿ, ಅದರ ಮೇಲೆ ಚಕ್ರವನ್ನು ಬೋರಲು ಕೂರಿಸಿ, ಬಸ್ಸಿನ ಸ್ಟಿಯರಿಂಗ್ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ತಿರುಗಿಸಿದಳು. ಫ್ರೀವೀಲ್ ಟಕ್ಕೆಂದು ಬಿಟ್ಟುಕೊಂಡಿತು.

“ಚಕ್ರಕ್ಕಿಂತ ದೊಡ್ಡ ಸನ್ನೆಕೋಲು ಬೇಕಾ ಮೇಷ್ಟ್ರೇ?”

ಆರಿನ್ ಎದ್ದು ಬಂದು ಬಿಚ್ಚಿದ ಫ್ರೀವೀಲನ್ನು ತಿರುಗಿಸಿ ನೋಡಿದ. “ಇದೆಲ್ಲಾ ನಿಂಗೆ ಹೇಗೆ ಗೊತ್ತು?”

“ಹೋದ ಬೇಸಿಗೇಲಿ ನೀನು ನಿನ್ನ ತಂಗಿ ಮನೆಗೆ ಹೋಗಿದ್ದೆಯಲ್ಲ, ಆಗ ನನ್ನ ಸೈಕಲ್ಲಿಗೆ ಚೈನು, ಫ್ರೀವೀಲ್ ಎಲ್ಲಾ ನಾನೇ ಹಾಕ್ಕೊಂಡೆ.”

“ಮತ್ತೆ ನಂಗೆ ಹೇಳಲೇ ಇಲ್ಲ?”

“ಹೇಳೋಣ ಅಂತಾನೇ ಇದ್ದೆ ಕಣೋ. ನೀನು ಬಂದವನೇ ಅದನ್ನ ಒಂದು ಸುತ್ತು ಓಡಿಸಿ, ‘ನೋಡಿದ್ಯಾ, ನಾನು ಬಿಟ್ಟ ಎರಡು ತೊಟ್ಟು ಎಣ್ಣೆಗೆ ಹೇಗೆ ಬೆಣ್ಣೆ ಥರ ಓಡ್ತಿದೆ’ ಅಂದೆ. ಅಷ್ಟು ಖುಷಿಯಾಗಿದ್ದೆ, ಕೆಡಿಸೋಕೆ ಮನಸ್ಸು ಬರಲಿಲ್ಲ.”

ಭಾನುವಾರ ನಲವತ್ತು ಮೈಲಿ ಉದ್ದಕ್ಕೂ ಆರಿನ್‌ನ ಸೈಕಲ್ ಒಂದಿಷ್ಟೂ ಸದ್ದು ಮಾಡಲಿಲ್ಲ. ಆರಿನ್ನೂ ಮಾಡಲಿಲ್ಲ.